ಬಂದ ದಾರಿಯಲ್ಲೇ ಹಿಂತಿರುಗಿ

ನಮ್ಮ ಕಚೇರಿಗೆ ಈಚೆಗೆ ಸೇರಿದ ಇಬ್ಬರು ಹುಡುಗಿಯರು ಹೋದ ವಾರ ಮನೆಗೆ ಬಂದಿದ್ದರು. "ಮೇಡಂ, ನಿಮ್ಮ ಅನುಭವ ಬರೆದುಕೊಡಿ, ನಮಗೆ ಉಪಯೋಗ ಆಗತ್ತೆ" ಎಂದರು. ಕಾಫಿ ಕೊಟ್ಟು, ಮನೆ ಹುಡುಕುವುದು ಕಷ್ಟವಾಯಿತೇ ಎಂದು ಕೇಳಿದೆ. ಸರಸ್ವತಿಪುರಂ ಪೂರ್ತಿ ಮೂರು ಸುತ್ತು ಹಾಕಿದ್ದರಂತೆ. ಫೋನಿನೊಳಗೆ ದಾರಿ ಹೇಳುವ ಅಮ್ಮಣ್ಣಿ ಅವರನ್ನು ಯಾವುದೋ ಟ್ಯುಟೋರಿಯಲ್ಲಿನ ಹಿಂಬಾಗಿಲಿಗೆ ಕರೆದುಕೊಂಡು ಹೋಗಿ, "ನೀವು ತಲುಪಿದ್ದೀರಿ" ಅಂದುಬಿಟ್ಟಳಂತೆ. ದಾರಿ ಬರೆಯುವುದನ್ನೇ ಕಸುಬು ಮಾಡಿಕೊಂಡಿದ್ದವಳ ಮನೆಗೆ ದಾರಿ ತಪ್ಪಿ ಬಂದರಲ್ಲ, ಅಲ್ಲಿಗೆ ಮೊದಲ ಪಾಠ ತಾನಾಗಿ ಮುಗಿಯಿತು. ಉಳಿದ ಪಾಠಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಫಿಲೋಮಿನಾ. ದೇವರಾಜ ಮೊಹಲ್ಲಾದ ಒಂದು ಪ್ರವಾಸಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ನಿವೃತ್ತಳಾದೆ. ಬಡ್ತಿಯ ವಿಷಯ ಕೇಳಬೇಡಿ. ನನ್ನ ಕುರ್ಚಿಗೆ ಮಧ್ಯದಲ್ಲೊಮ್ಮೆ ಹೊಸ ಮೆತ್ತೆ ಹಾಕಿಸಿಕೊಟ್ಟರು, ಅದನ್ನೇ ಬಡ್ತಿ ಅಂದುಕೊಂಡೆ. ನನ್ನ ಕೆಲಸ ಇಷ್ಟು: ಗೈಡ್ ಇಲ್ಲದೆ, ಕೈಯಲ್ಲೊಂದು ಕಾಗದ ಹಿಡಿದು, ಪ್ರವಾಸಿಗರು ತಾವೇ ನಡೆದು ಊರು ನೋಡಿಕೊಂಡು ಬರುವ ಹಾಗೆ ದಾರಿ ಬರೆಯುವುದು. ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು, ನಿಂತು ಏನು ನೋಡಬೇಕು, ಇವೆಲ್ಲ ಅದರಲ್ಲಿ ಇರಬೇಕು. ಅದಕ್ಕೆ ನಾವು 'ದಾರಿಹಾಳೆ' ಅನ್ನುತ್ತಿದ್ದೆವು.

ಇದರಲ್ಲಿ ಒಂದೇ ಒಂದು ತೊಡಕಿತ್ತು. ನನ್ನ ಗಂಡ ಚೌರಪ್ಪನವರು ಅದೇ ಕಚೇರಿಯಲ್ಲಿ ಗೈಡು. ಜನರನ್ನು ಹಿಂದೆ ಕಟ್ಟಿಕೊಂಡು ಮಾರ್ಕೆಟ್ಟು, ಚರ್ಚು, ಅರಮನೆ ಬೀದಿ ಎಂದು ಸುತ್ತಿಸಿ ಕತೆ ಹೇಳುವುದೇ ಅವರ ಬದುಕು. ನನ್ನ ಕೆಲಸ ಚೆನ್ನಾದಷ್ಟೂ ಅವರ ಕೆಲಸಕ್ಕೆ ಕುತ್ತು. ಬೆಳಿಗ್ಗೆ ಒಂದೇ ಸ್ಕೂಟರಿನಲ್ಲಿ ಕಚೇರಿಗೆ ಬರುತ್ತಿದ್ದೆವು, ಬಂದಮೇಲೆ ಒಬ್ಬರ ಅನ್ನಕ್ಕೆ ಇನ್ನೊಬ್ಬರು ಕೈ ಹಾಕುತ್ತಿದ್ದೆವು. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಯಜಮಾನರ ಹೆಸರು ನಂಜುಂಡಪ್ಪ. ಮಠದ ಭಕ್ತರು, ಹಣೆ ತುಂಬ ವಿಭೂತಿ. ಕೆಳಗೆ ಅವರ ತಾತನ ಕಾಲದ ಅರಿಶಿನ ಕುಂಕುಮದ ಅಂಗಡಿ, ಮೇಲೆ ನಮ್ಮ ಕಚೇರಿ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ಕೆಳಗಿನ ಅರಿಶಿನವೆಲ್ಲ ಮೇಲೆ ಬರುತ್ತಿತ್ತು, ಸಂಜೆ ಮನೆಗೆ ಹೋಗುವಾಗ ನಾವೆಲ್ಲ ಮದುವಣಗಿತ್ತಿಯರ ಹಾಗೆ ಕಾಣುತ್ತಿದ್ದೆವು. ಕಾಲ್ನಡಿಗೆಯನ್ನು ಮಾರುತ್ತಿದ್ದ ಈ ಮಹಾನುಭಾವರು ಸ್ವತಃ ಎದುರಿನ ಹೋಟೆಲಿಗೂ ಸ್ಕೂಟರಿನಲ್ಲೇ ಹೋಗುತ್ತಿದ್ದರು. ಕೇಳಿದರೆ, "ನಡೆಯೋದು ಗಿರಾಕಿ ಕೆಲಸ ಕಣಮ್ಮ, ನಂದಲ್ಲ" ಅನ್ನುತ್ತಿದ್ದರು.

ನನ್ನ ಮೊದಲ ದಾರಿಹಾಳೆಯಲ್ಲಿ, "ನಿಂಬೆಹಣ್ಣಿನ ಗಾಡಿಯ ಹತ್ತಿರ ಎಡಕ್ಕೆ ತಿರುಗಿ" ಎಂದು ಬರೆದಿದ್ದೆ. ಆ ಗಾಡಿಯವನು ನಾನು ಹುಟ್ಟಿದಾಗಿನಿಂದ ಆ ಮೂಲೆ ಬಿಟ್ಟವನಲ್ಲ. ದಾರಿಹಾಳೆ ಅಚ್ಚಾಗಿ ಬಂದ ವಾರವೇ ಅವನಿಗೆ ಬಿಸಿಲು ಜಾಸ್ತಿ ಅನ್ನಿಸಿ, ಎರಡು ಬೀದಿ ಆಚೆ ಮರದ ನೆರಳಿಗೆ ಹೋಗಿ ನಿಂತ. ಗುಜರಾತಿನಿಂದ ಬಂದಿದ್ದ ಒಂದು ದೊಡ್ಡ ಕುಟುಂಬ ಆ ಗಾಡಿಯನ್ನು ಹುಡುಕಿಕೊಂಡು ಹೋಗಿ, ಅಲ್ಲಿಂದ ಎಡಕ್ಕೆ ತಿರುಗಿ, ನೇರವಾಗಿ ಒಂದು ಮದುವೆ ಛತ್ರದೊಳಕ್ಕೆ ನಡೆಯಿತು. ಪನ್ನೀರು ಹಾಕಿದರು, ಕಲ್ಲುಸಕ್ಕರೆ ಕೊಟ್ಟರು, ಎಲೆ ಮುಂದೆ ಕೂರಿಸಿದರು. ಗಂಡಿನ ಕಡೆಯವರು ಇವರನ್ನು ಹೆಣ್ಣಿನ ಕಡೆಯವರು ಅಂದುಕೊಂಡರು, ಹೆಣ್ಣಿನ ಕಡೆಯವರು ಗಂಡಿನ ಕಡೆಯವರು ಅಂದುಕೊಂಡರು. ಸಂಜೆ ಆ ಕುಟುಂಬದ ಹಿರಿಯರು ಕಚೇರಿಗೆ ಬಂದು, ಊಟದ ವ್ಯವಸ್ಥೆ ಅದ್ಭುತವಾಗಿತ್ತು, ಅದರಲ್ಲೂ ಹೋಳಿಗೆ ಬಹಳ ಚೆನ್ನಾಗಿತ್ತು ಎಂದು ಕೈ ಕುಲುಕಿ ಹೋದರು.

ನಂಜುಂಡಪ್ಪನವರು ನನ್ನನ್ನು ಕರೆದು, "ಫಿಲೋಮಿನಮ್ಮ, ಈ ಓಳಿಗೆ ನಮ್ ಪ್ಯಾಕೇಜಲ್ಲಿ ಇತ್ತಾ?" ಎಂದು ಕೇಳಿದರು.

ಅವತ್ತಿನಿಂದ ಒಂದು ನಿಯಮ ಮಾಡಿಕೊಂಡೆ. ಅಲುಗಾಡುವ ಯಾವುದನ್ನೂ ಗುರುತಾಗಿ ಬರೆಯಬಾರದು. ಗಾಡಿ ಬೇಡ, ದನ ಬೇಡ, ಗೋಡೆಯ ಮೇಲಿನ ಸಿನಿಮಾ ಪೋಸ್ಟರ್ ಬೇಡ, ಯಾವಾಗಲೂ ಅದೇ ಕಟ್ಟೆಯ ಮೇಲೆ ಕೂತಿರುವ ತಾತನೂ ಬೇಡ. ಹೊಸಬರು ಇದನ್ನು ಮೇಜಿನ ಮೇಲೆ ಬರೆದು ಅಂಟಿಸಿಕೊಳ್ಳಿ. ಈ ನಿಯಮವೇ ಮುಂದೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನೂ ಹೇಳುತ್ತೇನೆ, ಸ್ವಲ್ಪ ತಾಳಿ.

ಎರಡನೆಯ ಪೀಡೆ ನಮ್ಮ ಮೈಸೂರಿನವರ ಒಳ್ಳೆಯತನ. ದಾರಿ ಕೇಳಿದವರಿಗೆ 'ಗೊತ್ತಿಲ್ಲ' ಅನ್ನುವುದು ಇಲ್ಲಿ ಮರ್ಯಾದೆಯಲ್ಲ. ಬಾಗಿಲಿಗೆ ಬಂದವರನ್ನು ನೀರು ಕೊಡದೆ ಕಳಿಸಿದ ಹಾಗೆ ಅದು. ಗೊತ್ತಿರಲಿ ಬಿಡಲಿ, ಕೈ ಎತ್ತಿ ಒಂದು ಕಡೆ ತೋರಿಸಲೇಬೇಕು. ಅದಕ್ಕೆ ದಾರಿಹಾಳೆಯ ಕೊನೆಯಲ್ಲಿ, "ದಯವಿಟ್ಟು ಯಾರನ್ನೂ ದಾರಿ ಕೇಳಬೇಡಿ" ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ಅದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಪ್ರವಾಸಿಗರು ಕೇಳದಿದ್ದರೇನು, ಕಾಗದ ಹಿಡಿದು ನಿಂತವರನ್ನು ಕಂಡರೆ ನಮ್ಮವರು ಸುಮ್ಮನೆ ಹೋಗುತ್ತಾರೆಯೇ?

"ಏನ್ ಹುಡುಕ್ತಿದೀರಾ? ಕೊಡಿ ಇಲ್ಲಿ" ಎಂದು ಒಬ್ಬರು ಕಾಗದ ಕಸಿದುಕೊಳ್ಳುವುದು. "ಅಯ್ಯೋ, ಇದು ಸುತ್ತುದಾರಿ ಕಣ್ರೀ, ಯಾರೋ ತಲೆಕೆಟ್ಟೋರು ಬರ್ದವ್ರೆ" ಎಂದು ಇನ್ನೊಬ್ಬರು ಸೇರಿಕೊಳ್ಳುವುದು. "ಹಳೇ ಟಾಕೀಸ್ ಇತ್ತಲ್ಲ, ಅಲ್ಲಿಂದ ಬಲಕ್ಕೆ" ಎಂದು ಮೂರನೆಯವರು ಹೇಳುವುದು. ಆ ಟಾಕೀಸು ಉರುಳಿ ಎಷ್ಟು ಕಾಲವಾಯಿತೋ, ಇಲ್ಲದ ಟಾಕೀಸಿನಿಂದ ಪರವೂರಿನವರು ಬಲಕ್ಕೆ ತಿರುಗುವುದು ಹೇಗೆ? ಕೊನೆಗೆ ದಾರಿ ಹೇಳಿದವರೆಲ್ಲ ಒಬ್ಬರ ಮೇಲೊಬ್ಬರು ರೇಗಿ, ಪ್ರವಾಸಿಗರೇ ನಡುವೆ ನಿಂತು ಜಗಳ ಬಿಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮೂರನೆಯ ಪೀಡೆ ನಮ್ಮ ಮನೆಯೊಳಗೇ ಇತ್ತು.

ಗಿರಾಕಿಗಳು ಕಡಿಮೆಯಾದ ದಿನ ನಮ್ಮನೆಯವರು ಮಾರ್ಕೆಟ್ಟಿನ ಮುಂದಿನ ಚಿಕ್ಕ ಗಡಿಯಾರದ ಕಟ್ಟೆಗೆ ಹೋಗಿ ಕೂರುತ್ತಿದ್ದರು. ದಾರಿಹಾಳೆಯಲ್ಲಿ ಅದು ನನ್ನ ಮೊದಲ ನಿಲ್ದಾಣ. ಯಾರಾದರೂ ಕಾಗದ ಹಿಡಿದು ಬಂದು ತಲೆಯೆತ್ತಿ ಗಡಿಯಾರ ನೋಡಿದ ಕೂಡಲೇ ಇವರು ಗಂಟಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದರು. "ಸಾರ್, ಆ ಕಾಗದದಲ್ಲಿ ಗಿಣಿ ವಿಷಯ ಬರ್ದಿದಾರಾ? ಇಲ್ವಾ? ಛೆ ಛೆ ಛೆ."

ಆ ಗಿಣಿಯ ಕತೆ ಹೀಗಿತ್ತು. ಒಂದಾನೊಂದು ಕಾಲದಲ್ಲಿ ಒಬ್ಬ ರಾಣಿಯ ಗಿಣಿ ಪಂಜರದಿಂದ ತಪ್ಪಿಸಿಕೊಂಡು ಬಂದು ಈ ಗಡಿಯಾರದ ಮುಳ್ಳಿನ ಮೇಲೆ ಕೂತಿತು. ಅರಮನೆಯ ಬಾದಾಮಿ ತಿಂದು ಕೊಬ್ಬಿದ್ದ ಗಿಣಿ. ಅದರ ಭಾರಕ್ಕೆ ಮುಳ್ಳು ಸರ್ರನೆ ಕೆಳಗಿಳಿದು, ಊರಿನವರೆಲ್ಲ ಊಟದ ಹೊತ್ತಾಯಿತು ಎಂದು ಅಂಗಡಿ ಮುಚ್ಚಿ ಮನೆಗೆ ಹೋದರು. ಉಂಡರು, ಮಲಗಿದರು. ಎದ್ದು ನೋಡಿದರೆ ಇನ್ನೂ ನಿಜವಾದ ಊಟದ ಹೊತ್ತೇ ಆಗಿರಲಿಲ್ಲ. ಮತ್ತೆ ಉಂಡರು, ಮತ್ತೆ ಮಲಗಿದರು. ಮೈಸೂರಿನವರು ಮಧ್ಯಾಹ್ನ ಒಂದು ನಿದ್ದೆ ತೆಗೆಯುವ ಅಭ್ಯಾಸ ಹೀಗೆ ಬಂತು.

ಇದರಲ್ಲಿ ಸಾಸಿವೆಯಷ್ಟೂ ನಿಜವಿಲ್ಲ. ಅವರೇ ಒಂದು ದಿನ ಬಸ್ಸಿನಲ್ಲಿ ಕೂತು ಕಟ್ಟಿದ ಕತೆ ಅದು. ಆದರೆ ಕೇಳಿದವರು ನನ್ನ ಕಾಗದ ಮಡಿಸಿ ಜೇಬಿಗಿಟ್ಟು ಇವರ ಹಿಂದೆ ಹೊರಟುಬಿಡುತ್ತಿದ್ದರು. ಮುಂದಿನ ನಿಲ್ದಾಣಗಳಲ್ಲೆಲ್ಲ ಅದೇ ಗಿಣಿ. ಬಾಳೆಮಂಡಿಯಲ್ಲಿ ಹಣ್ಣು ಕದ್ದಿತಂತೆ, ಚರ್ಚಿನ ಗಂಟೆಯ ಮೇಲೆ ಕೂತು ಜಪಮಾಲೆ ಕಲಿಯಿತಂತೆ. ನಾನು ಮನೆಗೆ ಬಂದು ಜಗಳ ತೆಗೆದೆ.

"ಬಾಯ್ ಬಿಟ್ರೆ ಬರೀ ಸುಳ್ಳಲ್ರೀ! ನಾಚಿಕೆ ಆಗಲ್ವಾ?"

"ಸುಳ್ಳೇ ಕಣೇ, ಯಾರಿಲ್ಲ ಅಂದ್ರು? ನಿನ್ ಕಾಗ್ದ ಓದ್ದೋನು ಗಡಿಯಾರ ನೋಡಿ ಟೈಮ್ ತಿಳ್ಕೊಂಡು ಓಯ್ತಾನೆ. ನನ್ ಕತೆ ಕೇಳ್ದೋನು ನಕ್ಕೊಂಡು ಓಯ್ತಾನೆ. ಟೈಮ್ ಅವನ ವಾಚಲ್ಲೂ ಐತಲ್ಲ."

ಸಾರಿಗೆ ಉಪ್ಪು ಹಾಕದೆ ಬಡಿಸಿ ಸೇಡು ತೀರಿಸಿಕೊಂಡೆ. ಅವರು ಉಪ್ಪಿಲ್ಲದ್ದನ್ನೇ ಎರಡು ಸಲ ಹಾಕಿಸಿಕೊಂಡು, "ಕಾಗ್ದದ ಥರಾನೇ ಐತೆ, ತಪ್ಪಿಲ್ಲ, ರುಚೀನೂ ಇಲ್ಲ" ಎಂದು ಎದ್ದು ಹೋದರು.

ಈ ಆಟ ಹೀಗೇ ನಡೆಯುತ್ತಿತ್ತೋ ಏನೋ. ಆದರೆ ಒಂದು ದಿನ ಕರಾವಳಿಯ ಒಂದು ಸಮುದ್ರತೀರದ ಊರಿನಿಂದ ರೆಸಾರ್ಟಿನವರು ಬಂದು ನಂಜುಂಡಪ್ಪನವರನ್ನು ಕಂಡರು. ತಮ್ಮಲ್ಲಿಗೆ ಬರುವ ಅತಿಥಿಗಳು ತಾವೇ ನಡೆದು ತೀರ ನೋಡುವ ಹಾಗೆ ಒಂದು ದಾರಿಹಾಳೆ ಬೇಕು ಎಂದರು. ಅವರು ಹೋದಮೇಲೆ ಯಜಮಾನರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಕುಂಕುಮದ ಕೈಯಲ್ಲೇ ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು.

"ನೋಡಿ ಚೌರಪ್ಪ, ಮುಚ್ಚುಮರೆ ಬೇಡ. ಈ ಸಮುದ್ರದ್ದು ಗೆದ್ದುಬುಟ್ರೆ ಇಲ್ಲೂ ಅಂಗೇ ಮಾಡ್ಬುಡ್ತೀನಿ. ಬರೀ ಕಾಗ್ದ. ಗೈಡ್‌ಗಳನ್ನ ನಿಲ್ಲಿಸ್ಬುಡ್ತೀನಿ. ನಿಮಗೆ ಕೆಳಗಡೆ ಅಂಗಡೀಲಿ ಒಂದು ಜಾಗ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ."

ನಮ್ಮನೆಯವರು ಏನಾದರೂ ತಮಾಷೆ ಮಾಡುತ್ತಾರೆ ಎಂದು ಕಾದೆ. ಮಾಡಲಿಲ್ಲ. ಮನೆಗೆ ಬಂದೆವು. ಅರಿಶಿನ ಪೊಟ್ಟಣ ಕಟ್ಟುತ್ತ, ಬಾಯಿ ಮುಚ್ಚಿಕೊಂಡು ಕೂತ ಚೌರಪ್ಪನವರನ್ನು ನನ್ನಿಂದ ಊಹಿಸಿಕೊಳ್ಳಲೂ ಆಗಲಿಲ್ಲ. "ರೀ, ನಾನು ಸ್ವಲ್ಪ ಅರೆಬರೆ ಬರೀತೀನಿ ಬುಡಿ. ಅವರಿಗೆ ಹಿಡಿಸದೆ ಹೋಗ್ಲಿ" ಎಂದೆ.

ಅವರು ಮೊದಲ ಸಲ ನನ್ನ ಮೇಲೆ ನಿಜವಾಗಿ ರೇಗಿದರು. "ನೀನು ಚೆನ್ನಾಗೇ ಬರೀಬೇಕು ಕಣೇ. ಎಂಡ್ತಿ ಕೆಟ್ಟದಾಗಿ ಬರ್ದಿದ್ದಕ್ಕೆ ನಾನು ಗೈಡಾಗಿ ಉಳ್ಕೊಂಡೆ ಅಂತ ಆಗ್ಬಾರ್ದು. ಅದ್ಕಿಂತ ಅರಿಶಿನ ಪೊಟ್ಟಣ ಕಟ್ಟೋದೇ ವಾಸಿ."

ನಾನು ಚೆನ್ನಾಗಿಯೇ ಬರೆದೆ.

ಯಜಮಾನರೂ ನಾನೂ ಆ ಊರಿಗೆ ಹೋಗಿ ದಾರಿ ನೋಡಿಕೊಂಡು ಬಂದೆವು. ದೀಪಸ್ತಂಭ, ಮೀನು ಒಣಹಾಕುವ ಬಯಲು, ಬಲೆ ಹೆಣೆಯುವವರ ಚಪ್ಪರ, ಗಾಳಿಮರದ ತೋಪು. ಎಲ್ಲಕ್ಕಿಂತ ಕೊನೆಗೆ, ತೀರದಿಂದ ಸ್ವಲ್ಪ ಸಮುದ್ರದೊಳಗೆ, ಆಮೆಯ ಬೆನ್ನಿನ ಆಕಾರದ ಒಂದು ದೊಡ್ಡ ಬಂಡೆ. ಅದರ ಮೇಲೆ ಹಳೆಯ ದೀಪದ ಕಟ್ಟೆ, ಅದಕ್ಕೊಂದು ಕಲ್ಲಿನ ಚಾವಣಿ. ತೀರದಿಂದ ಬಂಡೆಯವರೆಗೆ ಗಟ್ಟಿಯಾದ ಒದ್ದೆ ಮರಳು, ಸಿಮೆಂಟು ಹಾಕಿದ ಹಾಗೆ ಚಪ್ಪಟೆ. ಜನ್ಮದಲ್ಲಿ ನಡೆಯದ ನಂಜುಂಡಪ್ಪನವರು ಪಂಚೆ ಎತ್ತಿ ಕಟ್ಟಿಕೊಂಡು, "ನಮ್ ಸಯ್ಯಾಜಿರಾವ್ ರೋಡ್ ಥರ ಐತಲ್ಲಮ್ಮ!" ಎಂದು ಬಂಡೆಯವರೆಗೂ ನಡೆದೇಬಿಟ್ಟರು. ಇದೇ ಕೊನೆಯ ನಿಲ್ದಾಣ ಎಂದು ಅಲ್ಲೇ ತೀರ್ಮಾನವಾಯಿತು.

ಮೀನು ಒಣಹಾಕುತ್ತಿದ್ದ ಲಕ್ಷ್ಮಿಯಕ್ಕ ಎಂಬ ಹೆಂಗಸು ನಮ್ಮನ್ನು ನೋಡಿ, "ಬೇಗ ಹೋಗಿ ಬನ್ನಿ ಆಯ್ತಾ" ಎಂದು ನಕ್ಕಿದ್ದರು. ಆ ಊರಿನ ಉಪಚಾರ ಹೀಗಿರುತ್ತದೆ ಅಂದುಕೊಂಡು ನಾವೂ ನಕ್ಕೆವು.

ಅಲುಗಾಡುವುದನ್ನು ಬರೆಯಬಾರದು ಎಂಬ ನನ್ನ ನಿಯಮವನ್ನು ಅಲ್ಲಿಯೂ ಪಾಲಿಸಿದೆ. ದೋಣಿಗಳನ್ನು ಬರೆಯಲಿಲ್ಲ, ಅವು ಹೋಗಿ ಬರುತ್ತವೆ. ಎಳನೀರು ರಾಶಿಯನ್ನು ಬರೆಯಲಿಲ್ಲ, ಅದು ಕರಗುತ್ತದೆ. ಹೀಗೆ ಎಲ್ಲವನ್ನೂ ಬಿಟ್ಟು, "ಸಮುದ್ರವನ್ನು ಬಲಕ್ಕಿಟ್ಟುಕೊಂಡು ನೇರ ನಡೆಯಿರಿ" ಎಂದು ಬರೆದೆ. ಕೊನೆಯ ಸಾಲು, "ಬಂಡೆಯ ಮೇಲಿಂದ ನೋಟ ಸವಿದು, ಬಂದ ದಾರಿಯಲ್ಲೇ ಹಿಂತಿರುಗಿ."

ಸಮುದ್ರ ಏರಿ ಇಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಉಬ್ಬರ, ಇಳಿತ, ಚಂದ್ರ ಎಂದು ಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಸಿಸ್ಟರ್ ಕೈಯಿಂದ ಶಭಾಷ್ ಅನ್ನಿಸಿಕೊಂಡವಳು ನಾನು. ಆದರೆ ಬಾಯಿಗೆ ಬಂದ ಪಾಠ ಕಾಲಿಗೆ ಬರಬೇಕಲ್ಲ. ನಮಗೆ ನೀರು ಎಂದರೆ ಕುಕ್ಕರಹಳ್ಳಿ ಕೆರೆ. ಬೆಳಿಗ್ಗೆ ಎಲ್ಲಿ ಬಿಟ್ಟು ಬಂದಿರುತ್ತೇವೋ ಸಂಜೆ ವಾಕಿಂಗಿಗೆ ಹೋದಾಗಲೂ ಅಲ್ಲೇ ಇರುತ್ತದೆ. ಬಾತುಕೋಳಿ ಬೇಕಾದರೆ ಜಾಗ ಬದಲಿಸೀತು, ಕೆರೆ ಬದಲಿಸುವುದಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗಾಗಲಿ ನಂಜುಂಡಪ್ಪನವರಿಗಾಗಲಿ ಆ ಮರಳ ದಾರಿ ನೀರಿನದ್ದೇ ಆಸ್ತಿ ಎಂದು ಹೊಳೆಯಲೇ ಇಲ್ಲ.

ಕೆಲವು ದಿನ ಕಳೆದು ಉದ್ಘಾಟನೆ. ರೆಸಾರ್ಟಿನವರು, ಅವರ ಅತಿಥಿಗಳು, ಯಜಮಾನರು, ನಾನು. ನಮ್ಮನೆಯವರೂ ಬಂದಿದ್ದರು, ಗೈಡಾಗಿ ಅಲ್ಲ, ನನ್ನ ಕೈಚೀಲ ಹೊರುವುದಕ್ಕೆ. "ನಿನ್ ಗೆಲುವು ನಾನೇ ಕಣ್ಣಾರೆ ನೋಡ್ಬುಡ್ತೀನಿ" ಎಂದಿದ್ದರು. ಬೆಳಿಗ್ಗೆ ಎಲ್ಲರ ಕೈಗೂ ದಾರಿಹಾಳೆ ಕೊಟ್ಟೆವು. ಒಬ್ಬರೂ ದಾರಿ ತಪ್ಪಲಿಲ್ಲ. ದೀಪಸ್ತಂಭದ ಹತ್ತಿರ ನಿಂತರು, ಬಲೆಯವರ ಹತ್ತಿರ ಫೋಟೊ ತೆಗೆದರು, ಸಮುದ್ರವನ್ನು ಬಲಕ್ಕಿಟ್ಟುಕೊಂಡು ಶಿಸ್ತಾಗಿ ನಡೆದರು. ಬಂಡೆಗೆ ದಾಟುವಾಗ ಕಾಲು ಸ್ವಲ್ಪ ಒದ್ದೆಯಾಯಿತು, ಎಲ್ಲರೂ ಖುಷಿಯಿಂದ ಕಿರುಚಿದರು. ನನಗೆ ಒಳಗೊಳಗೇ ಹೆಮ್ಮೆ. ಪಕ್ಕಕ್ಕೆ ತಿರುಗಿ ನೋಡಿದರೆ ನಮ್ಮನೆಯವರು ನನ್ನ ಕೈಚೀಲ ಎದೆಗೊತ್ತಿಕೊಂಡು, ಶಾಲೆಗೆ ಮೊದಲ ದಿನ ಬಂದವರ ಹಾಗೆ ನಿಂತಿದ್ದರು. ನಾನು ಬೇರೆ ಕಡೆ ತಿರುಗಿಕೊಂಡೆ.

ಆಮೇಲೆ ನಂಜುಂಡಪ್ಪನವರ ಭಾಷಣ. 'ಗೈಡ್ ಇಲ್ಲದ ಸ್ವಾತಂತ್ರ್ಯ' ಎಂಬುದೇ ವಿಷಯ. ಗೈಡುಗಳು ಕೊರೆಯುತ್ತಾರೆ ಎಂದು ಅವರು ಬಹಳ ಹೊತ್ತು ಕೊರೆದರು. ಚಪ್ಪಾಳೆ ಬಿತ್ತು. "ಇನ್ನು ಕೊನೇ ಸಾಲು, ಎಲ್ಲರೂ ಒಟ್ಟಿಗೆ ಓದೋಣ" ಎಂದು ಕಾಗದ ಎತ್ತಿ ಹಿಡಿದು, "ಬಂದ ದಾರಿಯಲ್ಲೇ ಹಿಂತಿರುಗಿ" ಎಂದು ಓದಿ, ಹಿಂತಿರುಗಿ ನೋಡಿದರು.

ದಾರಿ ಇರಲಿಲ್ಲ. ನಮ್ಮ ಸಯ್ಯಾಜಿರಾವ್ ರಸ್ತೆಯ ಮೇಲೆ ಸಮುದ್ರ ಓಡಾಡುತ್ತಿತ್ತು.

ಅತ್ತ ದರಿ ಇತ್ತ ಪುಲಿ ಅನ್ನುತ್ತಾರೆ, ನಮಗೆ ಎತ್ತ ನೋಡಿದರೂ ನೀರು. ಒಬ್ಬ ಅತಿಥಿ ದಾರಿಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಬರೆದಿದೆಯೇ ಎಂದು ನೋಡಿದ. ದಿಲ್ಲಿಯ ಹೆಂಗಸೊಬ್ಬರು ಅಳುವುದಕ್ಕೆ ಶುರು ಮಾಡಿದರು. ಇನ್ನೊಬ್ಬರು ಈಜಿಕೊಂಡು ಹೋಗುತ್ತೇನೆ ಎಂದು ಅಂಗಿ ಬಿಚ್ಚತೊಡಗಿದರು, ಅವರ ಹೆಂಡತಿ ಅಂಗಿಯನ್ನು ಹಿಡಿದು ಜಗ್ಗುತ್ತಿದ್ದರು. ಅಷ್ಟರಲ್ಲಿ ತೀರದಿಂದ ಲಕ್ಷ್ಮಿಯಕ್ಕನ ದನಿ ಕೇಳಿಸಿತು.

"ಎಂತ ಮಾರಾಯ್ರೆ! ನೀರು ಏರುವ ಹೊತ್ತಿಗೆ ಅಲ್ಲಿ ಎಂತ ಮಾಡ್ತಿದ್ದೀರಿ?"

"ದೋಣಿ ಕಳ್ಸಿ ಅಕ್ಕಾ!" ಎಂದು ನಾನು ಕೂಗಿದೆ.

"ದೋಣಿ ಎಲ್ಲ ಕಡಲಿಗೆ ಹೋಗಿದೆ! ಬಂಡೆ ಮುಳುಗುದಿಲ್ಲ, ಹೆದರ್ಬೇಡಿ! ಸುಮ್ಮನೆ ಕೂತ್ಕೊಳ್ಳಿ! ನೀರಿಗೆ ಮಾತ್ರ ಇಳಿಬೇಡಿ, ಸೆಳೆತ ಉಂಟು! ಬಿಸಿಲು ತಗ್ಗುವಾಗ ನೀರೂ ಇಳಿತದೆ!"

ಸುಮ್ಮನೆ ಕೂರುವುದು, ಅದೇ ಕಷ್ಟ. ಹೆದರಿದ ಜನ ಸುಮ್ಮನೆ ಕೂರುವುದಿಲ್ಲ, ಒಬ್ಬರು ಇಳಿದರೆ ಇನ್ನೊಬ್ಬರು ಇಳಿಯುತ್ತಾರೆ. ಅಂಗಿಯವರು ಅಷ್ಟರಲ್ಲಿ ಅರ್ಧ ಬಿಚ್ಚಿಯಾಗಿತ್ತು. ನಂಜುಂಡಪ್ಪನವರ ಮುಖ, ವಿಭೂತಿ ಎಲ್ಲಿ, ಹಣೆ ಎಲ್ಲಿ ಎಂದು ಗೊತ್ತಾಗದಷ್ಟು ಬಿಳಿಚಿಕೊಂಡಿತ್ತು. ಅವರು ನಮ್ಮನೆಯವರ ಕೈ ಹಿಡಿದುಕೊಂಡು, "ಚೌರಪ್ಪ, ಏನಾದ್ರೂ ಮಾಡಿ ಮಾರಾಯ್ರೆ" ಎಂದರು.

"ನಾನಾ ಸಾರ್? ಗೈಡ್ ಬ್ಯಾಡ ಅಂತ ಈಗ ತಾನೆ ಭಾಷಣ ಆಯ್ತಲ್ಲ?"

"ಭಾಷಣ ಸುಟ್ಟಾಕ್ರಿ! ಎಲ್ಲಾರ್ನೂ ಕೂರ್ಸಿ ಮೊದ್ಲು!"

ನಮ್ಮನೆಯವರು ನನ್ನ ಕೈಚೀಲವನ್ನು ಯಜಮಾನರ ಕೈಗೆ ಕೊಟ್ಟರು. ದೀಪದ ಕಟ್ಟೆ ಹತ್ತಿ ಜೋರಾಗಿ ಚಪ್ಪಾಳೆ ತಟ್ಟಿದರು. ಗಂಟಲು ಸರಿಮಾಡಿಕೊಂಡ ರೀತಿಯಿಂದಲೇ ನನಗೆ ಗೊತ್ತಾಯಿತು. ಅಯ್ಯೋ ದೇವರೇ, ಗಿಣಿ!

"ಊರಿಗೆ ಬಂದೋರು ನೀರಿಗೆ ಬರ್ದೇ ಇರ್ತಾರಾ ಅಂತ ಒಂದು ಗಾದೆ ಐತೆ. ಇಲ್ಲಿ ನೀರೇ ನಮ್ಮನ್ನ ನೋಡೋಕೆ ಬಂದೈತೆ. ಯಾಕೆ ಗೊತ್ತಾ? ಒಂದು ಗಿಣಿಯಿಂದ."

ಅವರು ಹೇಳಿದ್ದು ಅರ್ಧ ಹಿಂದಿ, ಅರ್ಧ ಇಂಗ್ಲಿಷು, ನಡುನಡುವೆ ಮೈಸೂರು ಕನ್ನಡ. ಅಂಗಿಯವರು ಕೈ ನಿಲ್ಲಿಸಿ ಕೇಳಿದರು. ಮೈಸೂರಿನ ಗಡಿಯಾರದ ಮೇಲೆ ಕೂತು ಊರಿಗೆಲ್ಲ ಎರಡೆರಡು ಊಟ ಹಾಕಿಸಿದ ಗಿಣಿಯನ್ನು ಜನ ಬೈದರಂತೆ. ಗಿಣಿಗೆ ಬೇಜಾರಾಗಿ, ಗಡಿಯಾರವೇ ಇಲ್ಲದ ಊರಿಗೆ ಹೋಗುತ್ತೇನೆ ಎಂದು ಹಾರಿ ಹಾರಿ ಸಮುದ್ರಕ್ಕೆ ಬಂತಂತೆ. ರೆಕ್ಕೆ ಸೋತು ಬೀಳುವಾಗ ಒಂದು ಆಮೆ ಬೆನ್ನು ಕೊಟ್ಟಿತಂತೆ. "ಇಲ್ಲಿ ಗಡಿಯಾರ ಇಲ್ವಾ ಆಮೆಯಣ್ಣ?" ಎಂದು ಗಿಣಿ ಕೇಳಿದರೆ, ಆಮೆ, "ಇಲ್ಲಿ ನೀರೇ ಗಡಿಯಾರ ಕಣವ್ವ. ಅದು ಬಂದಾಗ ಕೂತ್ಕೊ, ಹೋದಾಗ ಏಳು" ಎಂದಿತಂತೆ.

ಜನ ಒಬ್ಬೊಬ್ಬರಾಗಿ ಚಾವಣಿಯ ನೆರಳಿಗೆ ಬಂದು ಕೂತರು. ದಿಲ್ಲಿಯ ಹೆಂಗಸು ಕಣ್ಣೊರೆಸಿಕೊಂಡು, ಆ ರಾಣಿ ಗಿಣಿಯನ್ನು ಹುಡುಕಿಸಲಿಲ್ಲವೇ ಎಂದು ಕೇಳಿದರು. ಕೇಳಿದ್ದೇ ತಡ, ರಾಣಿ ಸೈನ್ಯ ಕಳಿಸಿದಳು, ಸೈನ್ಯ ದಾರಿ ತಪ್ಪಿತು, ಮೈಸೂರಿನವರನ್ನು ದಾರಿ ಕೇಳಿತು, ಅವರು ಹಳೇ ಟಾಕೀಸಿನ ಹತ್ತಿರ ಬಲಕ್ಕೆ ಎಂದರು. ರಾಣಿಯ ಕಾಲದಲ್ಲಿ ಟಾಕೀಸೆಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಬಿಸಿಲು ನೆತ್ತಿಗೇರಿ ಇಳಿಯಿತು. ಇದ್ದ ನೀರನ್ನೂ ಬಿಸ್ಕತ್ತನ್ನೂ ಹಂಚಿಕೊಂಡೆವು. ಇವರ ದನಿ ಒಡೆಯಿತು, ನಿಲ್ಲಲಿಲ್ಲ. ಎಷ್ಟೋ ದಿನ ಇವರ ಬಾಯಿ ಮುಚ್ಚಿಸಬೇಕೆಂದು ಬಯಸಿದವಳು ನಾನು. ಅವತ್ತು ಮಾತ್ರ, ದೇವಮಾತೆಯೇ, ಈ ಮನುಷ್ಯನ ಬಾಯಿ ಮುಚ್ಚದಿರಲಿ ಎಂದು ಬೇಡಿಕೊಂಡೆ.

ಮರಳ ದಾರಿ ಮತ್ತೆ ಕಾಣಿಸಿಕೊಂಡಾಗ ಲಕ್ಷ್ಮಿಯಕ್ಕ ತೀರದಿಂದ ಕೂಗಿದರು. ಒಬ್ಬರೂ ಏಳಲಿಲ್ಲ. "ಒಂದ್ನಿಮಿಷ ಅಕ್ಕಾ, ಗಿಣಿಗೆ ಮದ್ವೆ ಆಗ್ತಾ ಐತೆ" ಎಂದು ಕೂಗಿದವರು ಸಾಕ್ಷಾತ್ ನಂಜುಂಡಪ್ಪನವರು.

ತೀರಕ್ಕೆ ಬಂದಮೇಲೆ ನಾನು ಲಕ್ಷ್ಮಿಯಕ್ಕನನ್ನು ಕೇಳಿದೆ, "ಅವತ್ತು ನಾವು ನೋಡೋಕೆ ಬಂದಾಗಲೇ ಹೇಳ್ಬಾರ್ದಿತ್ತಾ ಅಕ್ಕಾ?"

"ಸಮುದ್ರ ಉಂಟು ಅಂತ ಕಾಣ್ತದಲ್ಲಮ್ಮ. ನೀರು ಬರ್ತದೆ ಅಂತ ಬೇರೆ ಹೇಳ್ಬೇಕಾ?" ಎಂದರು ಅವರು, ನಿಜವಾಗಿಯೂ ಆಶ್ಚರ್ಯಪಟ್ಟು. ಹೊಸ ಜಾಗಕ್ಕೆ ಹೋದಾಗ ಅಲ್ಲಿಯವರನ್ನು, 'ನೀವು ಯಾರಿಗೂ ಹೇಳುವ ಅಗತ್ಯವೇ ಇಲ್ಲ ಅಂದುಕೊಂಡಿರುವುದು ಯಾವುದು?' ಎಂದು ಕೇಳಿ. ಇದು ಆ ದಿನದ ಪಾಠ.

ವಾಪಸು ಬರುವಾಗ ಘಾಟಿಯಲ್ಲಿ ಕಾರು ಏರುತ್ತಿದ್ದಂತೆ ಯಜಮಾನರು ನಮ್ಮ ಕಡೆ ತಿರುಗಿ, "ಫಿಲೋಮಿನಮ್ಮ, ನಿಮ್ ಕಾಗದಕ್ಕೆ ಕಾಲೈ‌ತೆ, ಬಾಯಿಲ್ಲ. ಚೌರಪ್ಪಂಗೆ ಬರೀ ಬಾಯಿ. ಇಬ್ರೂ ಇರಿ" ಎಂದರು. ನಮ್ಮನೆಯವರ ದನಿ ಪೂರ್ತಿ ಹೋಗಿತ್ತು. ನನ್ನ ಕೈಯನ್ನು ಮಾತ್ರ ಮೈಸೂರು ಬರುವವರೆಗೂ ಹಿಡಿದುಕೊಂಡಿದ್ದರು.

ಗೈಡುಗಳು ಉಳಿದರು. ಕಾಲ ಕಳೆದು ಎಲ್ಲರ ಕೈಗೂ ದೊಡ್ಡ ಫೋನು ಬಂತು, ನಮ್ಮನೆಯವರ ಮೊಣಕಾಲು ಹೋಯಿತು. ಆಗ ಯಜಮಾನರು ಇಬ್ಬರನ್ನೂ ಕೂಡಿಸಿ, ದಾರಿಯನ್ನು ನಾನು ಬರೆಯುವುದು, ಕತೆಯನ್ನು ಅವರು ಹೇಳುವುದು, ಅದನ್ನು ರೆಕಾರ್ಡ್ ಮಾಡಿ ಫೋನಿಗೆ ಹಾಕುವುದು ಎಂದು ಮಾಡಿದರು. ಪ್ರವಾಸಿಗರು ಕಿವಿಗೆ ಸಿಕ್ಕಿಸಿಕೊಂಡು ನಡೆದರಾಯಿತು.

ರೆಕಾರ್ಡಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ಕೂತ ನಮ್ಮನೆಯವರಿಗೆ ಒಂದು ಮಾತೂ ಹೊರಡಲಿಲ್ಲ. "ಯಾರಿಗೆ ಏಳ್ಲಿ? ಈ ಕಬ್ಬಿಣದ ಬದ್ನೆಕಾಯಿಗಾ?" ಎಂದು ಎದ್ದು ಬಂದುಬಿಟ್ಟರು. ಕೊನೆಗೆ ಎದುರಿಗೆ ನನ್ನನ್ನು ಕೂರಿಸಿದರು. ಆಗ ಶುರು ಮಾಡಿದರು, ಆದರೆ ಎರಡು ವಾಕ್ಯಕ್ಕೊಮ್ಮೆ ನಿಲ್ಲಿಸಿ ನನ್ನ ಮುಖ ನೋಡುವುದು. ನಾನು 'ಹೂಂ' ಎಂದರೆ ಮಾತ್ರ ಮುಂದಕ್ಕೆ. ರೆಕಾರ್ಡ್ ಮಾಡುವವರು ಅದನ್ನು ಅಳಿಸಲು ನೋಡಿ ಸೋತರು. ಹಾಗಾಗಿ ಎಷ್ಟೋ ವರ್ಷ ಮೈಸೂರು ನೋಡಿದವರ ಕಿವಿಯಲ್ಲೆಲ್ಲ ಅವರ ಗಿಣಿಯ ಜೊತೆಗೆ ನನ್ನ 'ಹೂಂ' ಕೂಡ ಇತ್ತು. ಸುಳ್ಳಿಗೆ ಸಾಕ್ಷಿ ಹಾಕಿದ ಹಾಗಾಯಿತಲ್ಲ ಎಂದು ಚರ್ಚಿನಲ್ಲಿ ಫಾದರ್ ಎದುರು ಸಿಕ್ಕಾಗಲೆಲ್ಲ ನನಗೆ ಮುಜುಗರ. ಅವರೂ ಅದನ್ನು ಕೇಳಿದ್ದರೆಂದು ಆಮೇಲೆ ಗೊತ್ತಾಯಿತು.

ನಾವಿಬ್ಬರೂ ನಿವೃತ್ತರಾದೆವು. ನಂಜುಂಡಪ್ಪನವರು ತೀರಿಕೊಂಡು ಕಚೇರಿ ಅವರ ಮಗಳ ಕೈಗೆ ಬಂತು. ಒಳ್ಳೆಯ ಹೆಣ್ಣುಮಗಳು, ಚುರುಕು. ಈಗ ಫೋನಿನಲ್ಲಿ ಯಂತ್ರದ ದನಿ ಹಾಕಿಸಿದ್ದಾರೆ, ಬೇಕಾದ ಭಾಷೆಯಲ್ಲಿ ಮಾತಾಡುತ್ತದೆ. ನಿಜವಾದದ್ದನ್ನು ಮಾತ್ರ ಇಟ್ಟುಕೊಳ್ಳಬೇಕು ಎಂದು ಪರಿಶೀಲನೆ ಮಾಡಿಸಿದರಂತೆ. ನನ್ನ ದಾರಿ ಹಾಗೇ ಉಳಿಯಿತು. ಗಿಣಿ ಹೋಯಿತು.

"ಓಗ್ಲಿ ಬುಡು, ಸುಳ್ಳೇ ಅಲ್ವಾ ಅದು" ಎಂದರು ನಮ್ಮನೆಯವರು. ಆಮೇಲೆ ಮಾರ್ಕೆಟ್ಟಿಗೆ ಹೋಗುವುದನ್ನೇ ಬಿಟ್ಟರು. ಹೂವು ಬೇಕೆಂದರೆ ಇಲ್ಲೇ ಮೂಲೆಯಲ್ಲಿ ಸಿಗುತ್ತದೆ ಅನ್ನುತ್ತಿದ್ದರು. ಊಟದ ಹೊತ್ತಿನಲ್ಲಿ ಮಾತು ಕಡಿಮೆಯಾಯಿತು. ಸಾರಿಗೆ ಉಪ್ಪು ಹಾಕುವುದನ್ನು ಬೇಕೆಂದೇ ಮರೆತು ನೋಡಿದೆ, ಒಂದು ಟೀಕೆಯೂ ಇಲ್ಲ. ನನಗೆ ಆ ಬಂಡೆಯ ಮೇಲೂ ಅಷ್ಟು ಭಯವಾಗಿರಲಿಲ್ಲ.

ಹೋದ ತಿಂಗಳು ನಮ್ಮ ಚರ್ಚಿನ ಹಬ್ಬಕ್ಕೆ ಹೂವು ಬೇಕಿತ್ತು. ಜಗಳ ಮಾಡಿ, ಆಟೋ ಹತ್ತಿಸಿ ಅವರನ್ನೂ ಮಾರ್ಕೆಟ್ಟಿಗೆ ಎಳೆದುಕೊಂಡು ಹೋದೆ. ಚಿಕ್ಕ ಗಡಿಯಾರದ ಎದುರು ನಮಗೆ ಪರಿಚಯದ ಹೂವಿನವರಿದ್ದರು. ಈಗ ಅಲ್ಲಿ ಅವರ ಸೊಸೆ ಕೂರುತ್ತಾಳೆ, ಬೇರೆ ಊರಿನ ಹುಡುಗಿ, ನಮ್ಮನ್ನು ಅರಿಯಳು. ನಮಗಿಂತ ಮುಂದೆ ಗಂಡ ಹೆಂಡತಿ ಇಬ್ಬರು ಪ್ರವಾಸಿಗರು ನಿಂತಿದ್ದರು, ಹುಬ್ಬಳ್ಳಿ ಕಡೆಯ ಮಾತು. ಕಿವಿಯಲ್ಲಿ ನಮ್ಮ ಕಚೇರಿಯದ್ದೇ ಯಂತ್ರ. ಗಡಿಯಾರ ನೋಡಿ, ಮುಂದಿನ ತಿರುವಿಗೆ ಹೊರಟರು.

"ಅಕ್ಕಾ, ಒಂಟೋದ್ರಾ?" ಎಂದು ಹೂವಿನವಳು ಮೊಳ ಹಾಕುತ್ತಲೇ ಕರೆದಳು. "ಗಿಣಿ ವಿಷ್ಯ ಏಳ್ತಾ ಅದು?"

"ಯಾವ ಗಿಣಿ ಬೇ?"

"ಅದಕ್ಕೇನ್ ಗೊತ್ತು! ಅದನ್ನ ಕಿತ್ತಾಕಿ, ಬನ್ನಿ ಇಲ್ಲಿ. ನಾನ್ ಏಳ್ತೀನಿ. ಇದು ನಡ್ದಿರೋ ವಿಷ್ಯ. ನಮ್ಮತ್ತೆಯೋರ ಅತ್ತೆ ಕಣ್ಣಾರೆ ನೋಡಿದ್ರಂತೆ. ಅರಮನೇಲಿ ರಾಣಿ ಒಂದು ಗಿಣಿ ಸಾಕಿದ್ಲು. ಅದು ತಪ್ಪಿಸ್ಕೊಂಡು ಬಂದು ಮೊದ್ಲು ಕೂತಿದ್ದು ಎಲ್ಲಿ ಅಂತೀರಾ? ನಮ್ಮ ಇದೇ ಮಲ್ಲಿಗೆ ಬುಟ್ಟಿ ಮ್ಯಾಲೆ."

ನಮ್ಮನೆಯವರ ಬಾಯಿ ತೆರೆಯಿತು. ಬುಟ್ಟಿಯಲ್ಲ, ಗಡಿಯಾರದ ಮುಳ್ಳು ಎಂದು ತಿದ್ದಲು ಹೊರಟಿದ್ದಾರೆಂದು ನನಗೆ ಗೊತ್ತಾಗಿ, ಸೆರಗಿನ ಮರೆಯಲ್ಲಿ ಜೋರಾಗಿ ಚಿವುಟಿದೆ. ಅವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿಕೊಂಡಿತ್ತು, ಮೀಸೆಯಡಿ ಮಾತ್ರ ಆ ಹಳೆಯ ಕಳ್ಳನಗು.

ಹುಬ್ಬಳ್ಳಿಯವರು ಕಿವಿಯಿಂದ ಯಂತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಅಲ್ಲಿಂದ ಅದು ಪುರ್ರ್ ಅಂತ ಆರಿ, ಆ ಗಡಿಯಾರದ ಮುಳ್ಳಿನ ಮ್ಯಾಲೆ ಕೂತ್ಕತು" ಎಂದು ಹೇಳಿ ಹೂವಿನವಳು ನಿಲ್ಲಿಸಿದಳು. ಎಲ್ಲರೂ ಕೇಳುತ್ತಿದ್ದಾರೋ ಇಲ್ಲವೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದಳು.

ಹಿಂದೆ ನಿಂತಿದ್ದ ನಮ್ಮನೆಯವರು, "ಹೂಂ" ಎಂದರು.